ಮಗುವಿನ ಕಡೆ ನೋಡಬೇಡಿ

“ಅಮ್ಮನ ಜೊತೆ ನೀವು ಸ್ಪ್ಯಾನಿಷ್ ಮಾತಾಡಬಹುದು, ಮಗುವಿನ ಜೊತೆ ಮಾತಾಡೋ ಹಾಗಿಲ್ಲ,” ಎಂದರು ಪ್ರಿನ್ಸಿಪಾಲ್ ಹ್ಯಾಸ್ಕೆಟ್. “ಪೋಷಕರಿಗೆ ಅವರಿಗೆ ಅರ್ಥ ಆಗೋ ಭಾಷೇಲಿ ಹೇಳ್ಬೇಕು. ಮಕ್ಕಳಿಗೆ ಇಂಗ್ಲಿಷ್ ಮಾತ್ರ. ಕಾನೂನು ನಾನು ಮಾಡಿದ್ದಲ್ಲ, ಒದಿಲಿಯಾ.”

ಒದಿಲಿಯಾ ತಲೆಯಾಡಿಸಿದಳು. ಅವಳು ಆ ಶಾಲೆಯ ಸಹಾಯಕ ಶಿಕ್ಷಕಿ. ಕಳೆದ ವಾರ ಆಟದ ಬಯಲಲ್ಲಿ ಬಿದ್ದು ಅಳುತ್ತಿದ್ದ ಮಗುವನ್ನು ಎಲ್ಲಿ ನೋವೆಂದು ಸ್ಪ್ಯಾನಿಷಿನಲ್ಲಿ ಕೇಳಿದ್ದಕ್ಕೆ ಅವಳಿಗೆ ಎಚ್ಚರಿಕೆ ಸಿಕ್ಕಿತ್ತು. ಇನ್ನೊಂದು ಸಿಕ್ಕರೆ ಕೆಲಸ ಹೋದಂತೆಯೇ. ಹಾಗಾಗಿ ಈಗ ಬಾಯಿ ತೆರೆಯುವ ಮೊದಲು ಎದುರಿಗೆ ಯಾರಿದ್ದಾರೆಂದು ನೋಡಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು.

ಎದುರಿಗೆ ಎಲ್ವಿರಾ ಕೂತಿದ್ದಳು, ಗಡಿಯೂರು ಯೂಮಾದ ಲೆಟಿಸ್ ಸೊಪ್ಪಿನ ಹೊಲದಿಂದ ನೇರ ಬಂದವಳು. ಮುಖಕ್ಕೆ ಕಟ್ಟಿದ್ದ ವಸ್ತ್ರವನ್ನು ಗಲ್ಲದ ಕೆಳಗೆ ಎಳೆದುಕೊಂಡಿದ್ದಳು. ಪಕ್ಕದಲ್ಲಿ ಮಗಳು ನಯೆಲಿ. ಗಡಿಯಾಚೆಯ ಮೆಕ್ಸಿಕೋದಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮೇಜಿನ ಮೇಲೆ ಅವಳ ಲೆಕ್ಕದ ಪರೀಕ್ಷೆಯ ಹಾಳೆ ಇತ್ತು. ಉತ್ತರಗಳೆಲ್ಲ ಸರಿ, ತಕರಾರು ಬಂದದ್ದೇ ಅದರಿಂದ. ಭಾಗಾಕಾರದಲ್ಲಿ ನಡುವಿನ ಸಾಲುಗಳೇ ಇಲ್ಲ, ಅಂದಮೇಲೆ ಪಕ್ಕದವರದ್ದು ನೋಡಿ ಬರೆದಿದ್ದಾಳೆ ಎಂದು ತರಗತಿಯ ಶಿಕ್ಷಕಿ ತೀರ್ಮಾನಿಸಿದ್ದರು. ಅದು ನಿಜವೆಂದಾದರೆ ನಯೆಲಿ ಐದನೇ ತರಗತಿ ಬಿಟ್ಟು ಮೂರನೆಯದಕ್ಕೆ ಇಳಿಯಬೇಕಿತ್ತು.

ಹಾಳೆ ನೋಡಿದ ಕೂಡಲೇ ಒದಿಲಿಯಾಗೆ ಗೊತ್ತಾಗಿತ್ತು. ಅವಳ ತಾಯಿಯೂ ಅವಳಿಗೆ ಹೀಗೆಯೇ ಕಲಿಸಿದ್ದರು. “ಸರ್, ಅವರ ಕಡೆ ಭಾಗಿಸೋದೇ ಹೀಗೆ.”

“ನೀವು ಹೇಳಿದ್ರೆ ಆಗಲ್ಲ. ಮಗುವೇ ವಿವರಿಸಲಿ.”

“ಕೇಳ್ಲಾ?”

“ಇಂಗ್ಲಿಷಲ್ಲಿ ಕೇಳಿ.”

“ಅವಳಿಗೆ ಇಂಗ್ಲಿಷ್ ಬರಲ್ಲ ಸರ್!”

“ಹಾಗಾದ್ರೆ ಅಮ್ಮನ ಮೂಲಕ. ಮತ್ತೆ, ದಯವಿಟ್ಟು ಮಗುವಿನ ಕಡೆ ನೋಡಬೇಡಿ.”

ಒದಿಲಿಯಾ ಉಸಿರೆಳೆದುಕೊಂಡು ಎಲ್ವಿರಾಳತ್ತ ತಿರುಗಿ ಸ್ಪ್ಯಾನಿಷಿನಲ್ಲಿ ಕೇಳಿದಳು. “ಗುಣಿಸಿದ್ದನ್ನ ಯಾಕೆ ಬರೆದಿಲ್ಲ ಅಂತ ಮಗಳನ್ನ ಕೇಳಿ.”

ನಯೆಲಿ ಬಾಯಿ ತೆರೆದಳು. ಹ್ಯಾಸ್ಕೆಟ್ ಬೆರಳೆತ್ತಿದರು. ಎಲ್ವಿರಾ ಮೂವರ ಮುಖವನ್ನೂ ನೋಡಿ, ತೋಳಿಗೆ ತೋಳು ತಗಲುವಂತೆ ಕೂತಿದ್ದ ಮಗಳತ್ತ ಬಾಗಿದಳು. “ಕೇಳಿಸ್ತಲ್ಲ ಪುಟ್ಟಿ? ಯಾಕೆ ಬರೆದಿಲ್ಲ?”

“ಯಾಕೆ ಬರೀಬೇಕಮ್ಮಾ? ಗುಣಿಸೋದು, ಕಳೆಯೋದು ಮನಸ್ಸಲ್ಲೇ. ಉಳಿದದ್ದು ಮಾತ್ರ ಬರೀತೀವಿ. ಎಲ್ಲ ಬರೆದ್ರೆ ನಮ್ಮ ಟೀಚರ್ ಬೈತಿದ್ರು, ಇನ್ನೂ ಚಿಕ್ಕ ಪಾಪುನಾ ನೀನು ಅಂತ.”

ಎಲ್ವಿರಾ ಅದನ್ನೇ, ಅದೇ ಸ್ಪ್ಯಾನಿಷಿನಲ್ಲಿ, ಒದಿಲಿಯಾಗೆ ಒಪ್ಪಿಸಿದಳು. ಮೊದಲ ಸಲ ಕೇಳುವವಳಂತೆ ಕೇಳಿ ಒದಿಲಿಯಾ ಇಂಗ್ಲಿಷಿಗೆ ತಿರುಗಿಸಿದಳು.

“ನಮ್ಮ ಹೊಲದಲ್ಲೂ ಹಿಂಗೇ ಟೀಚರ್,” ಎಂದಳು ಎಲ್ವಿರಾ. “ಒಬ್ಬಳು ಕೊಯ್ತಾಳೆ, ಒಬ್ಬಳು ಪೆಟ್ಟಿಗೆಗೆ ತುಂಬ್ತಾಳೆ, ಇನ್ನೊಬ್ಬ ಮುಚ್ಚಿ ಎತ್ತಿಡ್ತಾನೆ. ಅಲ್ಲಿ ಕೊನೇಗೆ ಲೆಟಿಸ್ ಆದ್ರೂ ಸಿಗತ್ತೆ.”

“ಏನಂತೆ?” ಎಂದರು ಹ್ಯಾಸ್ಕೆಟ್.

“ತಾಳ್ಮೆಗೆ ಥ್ಯಾಂಕ್ಸ್ ಅಂತಿದ್ದಾರೆ.”

ಹ್ಯಾಸ್ಕೆಟ್ ಎದ್ದು ಗೋಡೆಯ ಬಿಳಿ ಹಲಗೆಯ ಮೇಲೆ 3168 ಬರೆದು, ಅದನ್ನು 24ರಿಂದ ಭಾಗಿಸುವಂತೆ ಗೆರೆ ಎಳೆದು, ಪೆನ್ನನ್ನು ನಯೆಲಿಯ ಕಡೆ ಚಾಚಿದರು. ಇದಕ್ಕೆ ಯಾರ ಮೂಲಕವೂ ಕೇಳಬೇಕಾಗಲಿಲ್ಲ. ಹುಡುಗಿ ತುಟಿಯಲ್ಲೇ ಏನೋ ಗೊಣಗಿಕೊಳ್ಳುತ್ತಾ ಕೆಳಗೆ 76 ಬರೆದಳು, ಅದರ ಕೆಳಗೆ 48, ಕೊನೆಗೆ ಸೊನ್ನೆ. ಮೇಲೆ 132.

“ಗೊಣಗ್ತಿದ್ದಾಳಲ್ಲ, ಅದು ಯಾವ ಭಾಷೆ?”

“ಲೆಕ್ಕ, ಸರ್,” ಎಂದಳು ಒದಿಲಿಯಾ. ದನಿ ಅವಳು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಅವಳು ತುಟಿ ಕಚ್ಚಿಕೊಂಡಳು.

ಹ್ಯಾಸ್ಕೆಟ್ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ಅವರೇನೂ ಕೆಟ್ಟ ಮನುಷ್ಯರಲ್ಲ, ಮುಖ ಅರಳಿತು. “ಭೇಷ್! ಸರಿ, ಐದನೇ ತರಗತಿಯೇ.” ಮಾತು ತಿಳಿಯದಿದ್ದರೂ ಮುಖ ಓದಿದ ಎಲ್ವಿರಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ಆದ್ರೆ ಲೆಕ್ಕದ ಪಾಠ ಸದ್ಯಕ್ಕಿಲ್ಲ. ಆ ಹೊತ್ತಲ್ಲಿ ಅವಳಿಗೆ ಇಂಗ್ಲಿಷ್ ತರಗತಿ. ಇಂಗ್ಲಿಷ್ ಪಾಸಾಗೋವರೆಗೂ ಹಾಗೇ.”

“ಲೆಕ್ಕ ಬರತ್ತೆ ಅಂತ ತೋರಿಸೋಕೆ ಇಷ್ಟೆಲ್ಲ ಮಾಡಿಸಿ, ಈಗ ಲೆಕ್ಕವೇ ಬೇಡ್ವಾ?”

“ಒದಿಲಿಯಾ.”

ನಯೆಲಿ ಹಲಗೆಯ ಬಳಿಯೇ ನಿಂತು, ಮುಂದಿನ ಲೆಕ್ಕ ಎಲ್ಲಿ ಎಂಬಂತೆ ನೋಡುತ್ತಿದ್ದಳು.

“ಇನ್ನೊಂದು ಮಾತು,” ಎಂದರು ಹ್ಯಾಸ್ಕೆಟ್. “ನಾಳೆಯಿಂದ ತರಗತೀಲಿ ಸ್ಪ್ಯಾನಿಷ್ ಕೂಡದು, ಗೊಣಗೋದೂ ಬೇಡ. ಇದು ಮುಖ್ಯವಾದ ವಿಷಯ, ಅಮ್ಮನ ಮೂಲಕ ಬೇಡ. ಅವಳಿಗೇ ಹೇಳಿ, ಚೆನ್ನಾಗಿ ಅರ್ಥ ಆಗೋ ಹಾಗೆ.”

“ಯಾವ ಭಾಷೇಲಿ ಸರ್?”

ಹ್ಯಾಸ್ಕೆಟ್ ಅವಳನ್ನೊಮ್ಮೆ ನೋಡಿದರು, ತೆರೆದ ಬಾಗಿಲಾಚೆಯ ಪಡಸಾಲೆಯನ್ನೊಮ್ಮೆ ನೋಡಿದರು. ಆಮೇಲೆ ಹೋಗಿ, ಸದ್ದಾಗದಂತೆ ಬಾಗಿಲು ಮುಚ್ಚಿ ಬಂದರು.

“ಬೇಗ ಹೇಳಿಬಿಡಿ,” ಎಂದರು.