ನಾಯಿಗಳಿಗೊಂದು ಗಾಡಿ

"ಗಾಡಿ ನಾಯಿಗಳಿಗೆ ತಾನೆ? ಹಾಗಾದರೆ ನಾಯಿಯನ್ನೇ ಕೇಳಿ."

ಕೆಲಸಕ್ಕೆ ವೀಸಾ ಕೊಟ್ಟ ಧಣಿ, ಕಫೀಲ್ ಅಬ್ದುಲ್ ಅಝೀಝ್ ಅರಬಿಯಲ್ಲಿ ಹೇಳಿ ಹಾಶಿಮನ ಕಡೆ ಬೆರಳು ತೋರಿಸಿದ. ಸೌದಿಯ ನಜ್ರಾನ್‌ನ ಆ ಹಳೇ ಗಾಡಿಗಳ ಅಂಗಳದಲ್ಲಿದ್ದವರೆಲ್ಲ ನಕ್ಕರು. ಚಹಾ ಹಿಡಿದು ನಿಂತಿದ್ದ ಬಂಗಾಳಿಯೂ ನಕ್ಕ. ಅಷ್ಟು ಸಾಲದೆಂದು ದಲ್ಲಾಳಿ ಸಿದ್ದೀಕ್ ಅದನ್ನು ಕನ್ನಡಕ್ಕೂ ಇಳಿಸಿದರು. ಅವರು ಭಟ್ಕಳದವರು, ಮನೆಮಾತು ನವಾಯತಿ. ಹಾಶಿಮನದು ಬ್ಯಾರಿ. ಇಬ್ಬರ ನಡುವೆ ಇದ್ದದ್ದು ಕನ್ನಡವೊಂದೇ.

"ಕೇಳ್ತಾ? ನಿನ್ನನ್ನೇ ಹೇಳಿದ್ದು ಮಾರಾಯ."

"ಒಮ್ಮೆ ಕೇಳಿದ್ದು ಸಾಕು ಭಾಯಿ."

ಮೇಷ್ಟ್ರು ಎಲ್ಲರೆದುರು ಬೈದರೆಂದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ಹಾಶಿಮ್. ಬೇರೆ ದಿನವಾಗಿದ್ದರೆ ಕಫೀಲನ ಕೊರಳಪಟ್ಟಿ ಅವನ ಕೈಯಲ್ಲಿರುತ್ತಿತ್ತು. ಇವತ್ತು ಹಲ್ಲು ಕಚ್ಚಿದ. ಇವತ್ತು ಅವನಿಗೆ ಗಾಡಿ ಬೇಕಿತ್ತು.

ಹುಬಾರಾ ಹಕ್ಕಿಗಳು ಬರುವ ಕಾಲ. ಕಫೀಲನ ಗೆಳೆಯರು ಆಗಲೇ ಮರುಭೂಮಿಯಲ್ಲಿ ಡೇರೆ ಹಾಕಿ ಕಾಯುತ್ತಿದ್ದರು. ಬೇಟೆನಾಯಿಗಳನ್ನು ಒಯ್ಯುವ ಗಾಡಿ ಮರಳಲ್ಲಿ ಕೆಟ್ಟು ನಿಂತಿತ್ತು. ಹೊಸದು ಇವತ್ತೇ ಆಗಬೇಕು. ನಾಯಿಗಳ ಊಟ, ಔಷಧಿ, ಸವಾರಿ ಎಲ್ಲ ಹಾಶಿಮನದು. ಹಾಗಾಗಿ ಆರಿಸುವುದೂ ಅವನದೇ.

ಡೇರೆಯಿಂದ ಎರಡು ದಿಬ್ಬ ಆಚೆ ಕಫೀಲನ ಒಂಟೆ ದೊಡ್ಡಿ. ಅಲ್ಲಿ ಹಾಶಿಮನ ತಮ್ಮ ನಿಯಾಝ್. ಜ್ವರ, ಕೆಮ್ಮು ಹಿಡಿದು ಮಲಗಿದ್ದ. ಆಸ್ಪತ್ರೆಗೆ ತರಲು ಗಾಡಿ ಕೇಳಿದಾಗ, "ಅದು ಹಕ್ಕಿ ಬೇಟೆಗೆ ಇಟ್ಟದ್ದು" ಎಂದಿದ್ದ ಕಫೀಲ್. ಮತ್ತೆ ಕೇಳಿದ್ದಕ್ಕೆ, ನಿಯಾಝ್ ಕೆಲಸ ಬಿಟ್ಟು ಓಡಿಹೋದನೆಂದು ದೂರು ಕೊಟ್ಟು ಬಂದ. ಈಗ ಸರಕಾರದ ಲೆಕ್ಕದಲ್ಲಿ ನಿಯಾಝ್ ಆ ದೊಡ್ಡಿಯಲ್ಲಿ ಇಲ್ಲವೇ ಇಲ್ಲ. ಇಲ್ಲದವನನ್ನು ಏನು ಮಾಡಿದರೂ ಕೇಳುವವರಿಲ್ಲ.

ಬೆಳಿಗ್ಗೆ ಸುಬಹಿ ನಮಾಝಿನ ಹೊತ್ತಿಗೆ ದೊಡ್ಡಿಯ ಸುಡಾನಿ ಫೋನ್ ಮಾಡಿದ್ದ. "ಇವತ್ತೇ ಬಾ. ಇಲ್ಲಿ ಬಿಸಿಲು ಬಹಳ. ಕಫೀಲನಿಗೆ ತಿಳಿಯುವ ಮೊದಲು ಬಾ."

ಹಾಶಿಮ್ ಊರಿಗೆ ಫೋನ್ ಹಚ್ಚಿದ್ದ. ಉಮ್ಮ ಖದೀಜತ್ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಹೇಳಿದ್ದು ಇಷ್ಟೇ: "ಅವನನ್ನು ಆ ಮರಳಲ್ಲಿ ಬಿಟ್ಟು ಬರ್ಬೇಡ ಮೋನೆ."

ಸಿದ್ದೀಕ್ ಮೊದಲು ತೋರಿಸಿದ್ದು ಹೊಳೆಯುವ ಪಿಕಪ್. ಹಿಂದೆ ಬಲೆ ಹಾಕಿದ ಗೂಡು.

"ನಾಯಿಗೆ ಇದೇ ಸರಿ. ನಾಲ್ಕೂ ಕಡೆಯಿಂದ ಗಾಳಿ."

"ಆ ಬಿಳಿ ಪೆಟ್ಟಿಗೆಯದ್ದು?"

"ಅದಾ? ಜಿಜಾನಿಂದ ಮೀನು ತರ್ತಿದ್ದದ್ದು. ಅದ್ರಲ್ಲಿ ಎಂತ ಉಂಟು ನೋಡ್ಲಿಕ್ಕೆ?"

ಹಾಶಿಮ್ ಬಾಗಿಲು ಎಳೆದ. ಒಳಗೆ ಹತ್ತಿ ಅಂಗಾತ ಮಲಗಿದ. ಕಾಲು ಚಾಚಿದ. ಗೋಡೆ ತಾಗಲಿಲ್ಲ. ಹೊರಗೆ ಮತ್ತೆ ನಗು.

"ನಾಯಿ ಹಾಸಿಗೆ ನೋಡ್ತಾ ಉಂಟು" ಎಂದರು ಸಿದ್ದೀಕ್.

"ಕೂಲಿಂಗ್ ಇವತ್ತಿಡೀ ನಿಲ್ತದಾ ಭಾಯಿ?"

"ಎಂಜಿನ್ ಆಫ್ ಮಾಡದಿದ್ರೆ ನಿಲ್ತದೆ. ಆದ್ರೆ ಮೇಲಿನ ಮುಚ್ಚಳ ತೆರೆದಿಡ್ಬೇಕು. ಇಲ್ಲದಿದ್ರೆ ಒಳಗಿದ್ದದ್ದು ಉಸಿರುಕಟ್ಟಿ ಸಾಯ್ತದೆ."

ಹಾಶಿಮ್ ಇಳಿದು ಕಫೀಲನ ಎದುರು ನಿಂತು, ತನಗೆ ಬಂದ ಹರಕು ಅರಬಿಯಲ್ಲಿ ಹೇಳಿದ. "ಬಿಸಿಲಿಗೆ ಬಳಲಿದ ನಾಯಿ ಹಕ್ಕಿ ಎಬ್ಬಿಸುವುದಿಲ್ಲ. ಇದೇ ಬೇಕು."

ಮನುಷ್ಯರ ವಿಷಯದಲ್ಲಿ ಕೇಳದ ಮಾತನ್ನು ಕಫೀಲ್ ನಾಯಿಗಳ ವಿಷಯದಲ್ಲಿ ಕೇಳುತ್ತಿದ್ದ. "ಯಲ್ಲಾ, ಆಗಲಿ" ಎಂದ.

ನಾಯಿಗಳನ್ನು ಹತ್ತಿಸಿಕೊಂಡು ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಡೇರೆ ಮುಟ್ಟಿದರು. ಮುಚ್ಚಳ ತೆರೆದಿಟ್ಟಿದ್ದ ಪೆಟ್ಟಿಗೆಯಿಂದ ನಾಯಿಗಳು ಚುರುಕಾಗಿ ಹಾರಿ ಇಳಿದವು. ಕಫೀಲ್ ಮೆಚ್ಚಿ ಅವುಗಳ ಕತ್ತು ಸವರಿದ. ಹಾಶಿಮನಿಗೆ, ದೊಡ್ಡಿಯಿಂದ ನೀರು ತಾ ಎಂದ.

ದೊಡ್ಡಿಯಲ್ಲಿ ಹಾಶಿಮ್ ಮೊದಲು ತಮ್ಮನ ಗುಡಿಸಲಿಗೆ ಹೋಗಲಿಲ್ಲ. ಟ್ಯಾಂಕಿಯ ಪೈಪು ಹಿಡಿದು ಪೆಟ್ಟಿಗೆ ತೊಳೆದ. ಒಮ್ಮೆ ಮಣ್ಣು ಕಲಸಿ ಉಜ್ಜಿದ. ಮತ್ತೆ ತೊಳೆದ.

"ಹೊತ್ತಾಯಿತು, ಸಾಕು ಬಾ" ಎಂದ ಸುಡಾನಿ.

"ಏಳು ಸಲ ಆಗಲಿ."

ನಾಯಿಯ ಜೊಲ್ಲು ತಾಗಿದ್ದಕ್ಕೆ ಊರಿನ ಉಸ್ತಾದರು ಹೇಳಿಕೊಟ್ಟ ಲೆಕ್ಕ ಅದು. ನಿಯಾಝ್ ಅದರಲ್ಲಿ ಮಹಾ ಕಟ್ಟುನಿಟ್ಟು. ಅಣ್ಣ ನಾಯಿ ನೋಡುವ ಕೆಲಸಕ್ಕೆ ಸೇರಿದಾಗ, "ಕೈ ತೊಳೀದೆ ನನ್ನನ್ನು ಮುಟ್ಬೇಡ ಆಯ್ತಾ?" ಎಂದು ನಕ್ಕಿದ್ದ. ಹಾಶಿಮ್ ಕೈಗಳನ್ನೂ ಹಾಗೆಯೇ ತೊಳೆದ. ಆಮೇಲೆ ಒಳಗೆ ಹೋದ.

ಇಬ್ಬರೂ ಸೇರಿ ನಿಯಾಝನನ್ನು ಕಂಬಳಿಯಲ್ಲಿ ಎತ್ತಿ ತಂದು ಮಲಗಿಸಿದರು. ಕಾಲು ನೆಟ್ಟಗೆ ಚಾಚಲು ಜಾಗ ಸಾಕಾಯಿತು. ಸುಡಾನಿ ಮೇಲಿನ ಮುಚ್ಚಳ ಹಾಕಿ ಚಿಲಕ ಬಿಗಿದ. ಡೇರೆಗೆ ನೀರು ಹೋಗಲಿಲ್ಲ.

ದಾರಿಯಲ್ಲಿ ಹಾಶಿಮ್ ಸಿದ್ದೀಕರಿಗೆ ಫೋನ್ ಮಾಡಿದ. "ತಮ್ಮನನ್ನು ತರ್ತಾ ಇದ್ದೇನೆ. ದೊಡ್ಡಾಸ್ಪತ್ರೆ ಗೇಟಿಗೆ ಬನ್ನಿ. ಬೆಳಿಗ್ಗೆ ಕಫೀಲನ ಮಾತು ನನಗೆ ಹೇಳಿದಿರಲ್ಲ, ಈಗ ನನ್ನ ಮಾತು ಅರಬಿಯಲ್ಲಿ ಹೇಳಿ."

"ಬರ್ತೇನೆ" ಎಂದರು ಸಿದ್ದೀಕ್.

ಚೆಕ್‌ಪೋಸ್ಟಿನಲ್ಲಿ ಪೊಲೀಸ್ ಕೈ ಅಡ್ಡ ಹಿಡಿದ. ಪೆಟ್ಟಿಗೆಯನ್ನು ಬಡಿದ. ಕಿವಿ ಕೊಟ್ಟ.

"ಯಾರ ಗಾಡಿ?"

"ಅಬ್ದುಲ್ ಅಝೀಝರದ್ದು. ಬೇಟೆನಾಯಿಗಳದ್ದು."

ಒಳಗಿನಿಂದ ಒಂದು ಕೆಮ್ಮೂ ಬರಲಿಲ್ಲ. ಪೊಲೀಸ್ ಕೈ ಒರೆಸಿಕೊಂಡು, ಹೋಗು ಎಂದ.

ರಾತ್ರಿಯ ಇಶಾ ಬಾಂಗ್ ಆಗುತ್ತಿತ್ತು. ಸಿದ್ದೀಕ್ ಎಲ್ಲಿಂದಲೋ ವೀಲ್‌ಚೇರ್ ತಂದು ಗೇಟಿನಲ್ಲಿ ನಿಂತಿದ್ದರು. ಕಂಕುಳಲ್ಲಿ ನೀರಿನ ಬಾಟ್ಲಿ. ಬೆಳಗಿನ ನಗು ಮುಖದಲ್ಲಿರಲಿಲ್ಲ.

"ಒಳ್ಳೇ ಕೆಲ್ಸ ಮಾಡಿದಿ ಮಾರಾಯ. ಬೆಳಿಗ್ಗೆಯದ್ದು ಮನಸ್ಸಲ್ಲಿ ಇಟ್ಕೊಳ್ಬೇಡ. ಎಂಜಿನ್ ಆಫ್ ಮಾಡು, ಇಳಿಸುವ. ಎಮರ್ಜೆನ್ಸಿ ಈ ಬದಿ. ಹುಡುಗ ದಾರಿಯಲ್ಲಿ ನೀರಾದ್ರೂ ಕುಡಿದ್ನಾ?"

ಎಂಜಿನ್ ಹಾಗೇ ಓಡಲು ಬಿಟ್ಟು ಹಾಶಿಮ್ ಇಳಿದ. ವೀಲ್‌ಚೇರ್ ದಾಟಿ, ಆಸ್ಪತ್ರೆಯ ಹಿಂಬದಿಯ ಶವಾಗಾರದ ಬಾಗಿಲು ತಟ್ಟಲು ನಡೆದ.