ತೂತಿನ ಲೋಟ

ಹಾರುಕೊ ಊಟಕ್ಕೆ ಬರಲು ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ ವೇಣುಗೋಪಾಲ ತನ್ನ ಮನೆಯ ದೇವರ ಗೂಡಿಗೇ ಕೈಹಾಕಿದ. ಲಕ್ಷ್ಮಿ ಪಟದ ಮುಂದಿದ್ದ ಪಿಂಗಾಣಿ ಲೋಟವನ್ನು ಎತ್ತಿಕೊಂಡು, ಅದರ ಮೈಯ ತೂತುಗಳಿಗೆ ಚುಚ್ಚಿದ್ದ ಊದುಗಡ್ಡಿಗಳನ್ನು ಕೀಳತೊಡಗಿದ. ಕೆಲವು ಬಂದವು. ಕೆಲವು ಬುಡದಲ್ಲೇ ಮುರಿದವು.

"ರೀ, ಏನ್ ಮಾಡ್ತಿದೀರಾ? ಪೂಜೆ ಸಾಮಾನು ಅದು!" ಒಗ್ಗರಣೆ ಸೌಟು ಹಿಡಿದೇ ವಿಶಾಲಾಕ್ಷಿ ಓಡಿಬಂದಳು.

"ಪೂಜೆ ಸಾಮಾನಲ್ಲ ಕಣೇ, ಕಾಫಿ ಲೋಟ. ಹಾರುಕೊ ಅವರೇ ಕೈಯಾರೆ ಮಾಡಿ ಕೊಟ್ಟಿದ್ದು. ಇಲ್ಲಿ ನೋಡಿಬಿಟ್ರೆ ನನ್ನ ಕಥೆ ಮುಗೀತು."

"ಮೈಯೆಲ್ಲ ತೂತಿರೋ ಲೋಟದಲ್ಲಿ ಕಾಫಿ ಎಲ್ಲಿ ನಿಲ್ಲುತ್ತೆ, ಊದ್ಗಡ್ಡಿ ಚುಚ್ಚೋಕಾದ್ರೂ ಇಟ್ಕೋ ಅಂದೋರು ಯಾರು?"

ಅಂದವನು ಅವನೇ. ಅಡಿಲೇಡಿನ ಮಾಡ್ಬರಿ ಬಡಾವಣೆಯ ಹಾಲ್ ಒಂದರಲ್ಲಿ ಶನಿವಾರ ಶನಿವಾರ ಮಣ್ಣಿನ ಪಾತ್ರೆ ಮಾಡುವುದನ್ನು ಕಲಿಸುವ ಜಪಾನಿನವರು ಹಾರುಕೊ. ಹಸಿ ಮಣ್ಣಿನ ಮೈಯನ್ನು ಸಣ್ಣ ಚಾಕುವಿನಿಂದ ಎಲೆ ಎಲೆಯಾಗಿ ಕೊರೆದು ಜಾಲರಿ ಮಾಡುವುದರಲ್ಲಿ ಅವರ ಕೈ ಪಳಗಿತ್ತು. ಆ ಕೆಲಸ ತನಗೂ ಕಲಿಸಿ ಎಂದು ವೇಣುಗೋಪಾಲ ಬೆನ್ನುಬಿದ್ದಿದ್ದ. ತಾನು ಮದ್ದೂರು ಕಡೆಯ ಹಳ್ಳಿಯವನು, ಕೆರೆ ಮಣ್ಣಿನಲ್ಲೇ ಆಡಿ ಬೆಳೆದವನು ಎಂದು ಕ್ಲಾಸಿಗೆಲ್ಲ ಸಾರಿದ್ದ. ಆ ಮಣ್ಣಿನಲ್ಲಿ ಒಂದು ಹಣತೆಯನ್ನೂ ನೆಟ್ಟಗೆ ಮಾಡಿದವನಲ್ಲ ಎಂಬುದನ್ನು ಮಾತ್ರ ನುಂಗಿಕೊಂಡಿದ್ದ. ಕೊನೆಗೆ ಹಾರುಕೊ ಈ ಲೋಟ ಕೊಟ್ಟು, "ಒಂದು ವರ್ಷ ದಿನಾ ಇದರಲ್ಲಿ ಕುಡಿಯಿರಿ. ಕೈಗೆ ಇದರ ಪರಿಚಯ ಆಗಲಿ. ಆಮೇಲೆ ಚಾಕು ಕೊಡ್ತೀನಿ" ಎಂದಿದ್ದರು. ಈಗ ವರ್ಷ ತುಂಬಿತ್ತು. ಚಾಕು ತರ್ತೀನಿ ಎಂದು ಫೋನಿನಲ್ಲಿ ಹೇಳಿಯೂ ಇದ್ದರು.

ಲೋಟವನ್ನು ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದ. ಜರಡಿಗೆ ಸುರಿದ ಹಾಗೆ ಮೈಮೇಲೆಲ್ಲ ಚಿಮ್ಮುತ್ತದೆಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ನೀರು ಕಂಠಮಟ್ಟ ತುಂಬಿಕೊಂಡಿತು. ಒಂದು ಹನಿಯೂ ಸೋರಲಿಲ್ಲ. ಬೆರಳಾಡಿಸಿ ನೋಡಿದರೆ, ಲೋಟದೊಳಗೆ ಇನ್ನೊಂದು ಲೋಟ! ಜಾಲರಿ ಇದ್ದದ್ದು ಹೊರಗಿನ ಮೈಗೆ ಮಾತ್ರ, ಬಿಸಿ ಕೈಗೆ ತಟ್ಟದಿರಲೆಂದು. ಅಡಿಲೇಡಿನ ನೀರಿನ ಪೈಪುಗಳು ಸೋರುತ್ತವೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಸಹಿ ಹಾಕುವ ಎಂಜಿನಿಯರು ಅವನು. ವರ್ಷವಿಡೀ ಮನೆಯಲ್ಲೇ ಇದ್ದ ಒಂದು ಲೋಟಕ್ಕೆ ಒಂದು ತೊಟ್ಟು ನೀರು ಬಿಟ್ಟು ನೋಡಿರಲಿಲ್ಲ.

"ನಿಲ್ತಲ್ರೀ!" ಎಂದಳು ವಿಶಾಲಾಕ್ಷಿ.

"ನಿಲ್ಲುತ್ತೆ ಅಂತ ನಂಗೆ ಗೊತ್ತಿತ್ತು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ದೇವರ ಮುಂದಿದ್ದದ್ದನ್ನ ಈಗ ಎಂಜಲು ಮಾಡ್ತೀರಾ?"

"ದೇವರ ಹತ್ರ ನಾನೇ ಹೇಳ್ಕೋತೀನಿ."

"ಹೇಳ್ಕೊಳ್ಳಿ. ಅಲ್ಲೂ ನಂಗೆ ಗೊತ್ತಿತ್ತು ಅನ್ಬೇಡಿ." ಕಿತ್ತ ಊದುಗಡ್ಡಿಗಳನ್ನು ಆಯ್ದುಕೊಂಡು, ಒಂದು ಬಾಳೆಹಣ್ಣಿಗೆ ಚುಚ್ಚಿ ಲಕ್ಷ್ಮಿಯ ಮುಂದಿಟ್ಟು ಹಚ್ಚಿದಳು.

ಹಾರುಕೊ ಬಂದರು. ಬಿಸಿಬೇಳೆ ಬಾತಿನ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ಎರಡನೆಯ ಸಲ ಹಾಕಿಸಿಕೊಂಡರು. ಅವರು ತಂದಿದ್ದ ಚಾಕು ನೀಲಿ ಬಟ್ಟೆಯಲ್ಲಿ ಸುತ್ತಿಕೊಂಡು ಮೇಜಿನ ಮೇಲಿತ್ತು. ವೇಣುಗೋಪಾಲನ ಕಣ್ಣು ತಟ್ಟೆಗಿಂತ ಅದರ ಮೇಲೇ ಇತ್ತು. ಊಟ ಮುಗಿದದ್ದೇ ಆ ಲೋಟದಲ್ಲಿ ಕಾಫಿ ತಂದುಕೊಂಡು ಅವರೆದುರು ಕುಳಿತ. ಎತ್ತುವಾಗ ಎರಡು ಮೈಗಳ ನಡುವೆ ಏನೋ ಗಲಗುಟ್ಟಿತು. ಅದು ಕೇಳದಿರಲೆಂದು ಸ್ವಲ್ಪ ಜೋರಾಗಿಯೇ ಸೊರ್ರೆಂದು ಹೀರಿದ. ಕಾಫಿ ಗಂಧದ ವಾಸನೆ ಹೊಡೆಯಿತು.

"ದಿನಾ ಇದರಲ್ಲೇ. ಬೆಳಗ್ಗೆ ಎದ್ದು ಇದನ್ನ ಹಿಡೀದಿದ್ರೆ ನಂಗೆ ಕೈಕಾಲೇ ಆಡಲ್ಲ."

ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಧಡ್ ಎಂದು ಕೆಳಗೆ ಕೂತಿತು.

"ಎಲ್ಲಿ, ಕೊಡಿ," ಎಂದು ಹಾರುಕೊ ಖಾಲಿ ಲೋಟ ಕೈಗೆ ತೆಗೆದುಕೊಂಡರು. ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಮಗುವಿನ ಗಿಲಕಿಯ ಹಾಗೆ ಸದ್ದಾಯಿತು. ಓರೆ ಮಾಡಿ ತಟ್ಟಿದರು. ಎಲೆಯಾಕಾರದ ಒಂದು ತೂತಿನಿಂದ ಮೊದಲು ಒದ್ದೆ ಬೂದಿ ಬಿತ್ತು, ಅದರ ಹಿಂದೆ ಒಂದು ಕೆಂಪು ಕಡ್ಡಿಯ ಚೂರು. ಮತ್ತೆ ತಟ್ಟಿದರು, ಇನ್ನೊಂದು. ಅವನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ತಲೆಯೆತ್ತಿ ದೇವರ ಗೂಡಿನ ಕಡೆ ನೋಡಿದರು. ಅಲ್ಲಿ ಬಾಳೆಹಣ್ಣಿನ ಮೈಯಿಂದ ಹೊಗೆ ಏಳುತ್ತಿತ್ತು.

"ವೇಣು, ದಿನಾ ಬಳಸಿದ್ದೀರಿ," ಎಂದರು ಹಾರುಕೊ. "ಅದೇನೂ ಸುಳ್ಳಲ್ಲ."

ವೇಣುಗೋಪಾಲ ಮೇಜಿನ ಮೇಲಿನ ಬೂದಿಯನ್ನು ಅಂಗೈಯಿಂದ ಒರೆಸತೊಡಗಿದ.

ಹಾರುಕೊ ನೀಲಿ ಬಟ್ಟೆಯ ಗಂಟನ್ನು ಕೈಗೆತ್ತಿಕೊಂಡರು. ವಾಪಸು ಚೀಲಕ್ಕೆ ಹೋಯಿತು ಎಂದುಕೊಂಡ. ಅವರು ಗಂಟು ಬಿಚ್ಚಿ, ಗರಿಕೆಯೆಸಳಿನಂಥ ಅಲಗಿನ ಚಾಕುವನ್ನು ಎರಡೂ ಕೈಯಲ್ಲಿ ಅವನಿಗೆ ಕೊಟ್ಟರು. ಲೋಟವನ್ನೂ ಅವನ ಮುಂದಕ್ಕೆ ತಳ್ಳಿದರು.

"ಮೊದಲನೇ ಪಾಠ. ಒಳಗೆ ಇನ್ನೂ ಬೇಕಾದಷ್ಟಿವೆ. ಲೋಟಕ್ಕೆ ಗೀರು ಬೀಳದ ಹಾಗೆ ಒಂದೊಂದೇ ತೆಗೀರಿ."

ಅವರು ಹೊರಟ ಮೇಲೂ ವೇಣುಗೋಪಾಲ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು, ಕಾಲಿನ ಮುಳ್ಳು ತೆಗೆಯುವವನ ಹಾಗೆ ಬಗ್ಗಿ ಕೂತೇ ಇದ್ದ. ವಿಶಾಲಾಕ್ಷಿ ಬಾಳೆಹಣ್ಣಿನ ಚುಚ್ಚಿದ ಕಡೆಯನ್ನು ಮುರಿದು ಹಾಕಿ, ಉಳಿದದ್ದನ್ನು ಸುಲಿಯುತ್ತ ಬಂದು ನಿಂತಳು.

"ರೀ, ಕೊರೆಯೋದು ಕಲಿತ್ಮೇಲೆ ನಂಗೂ ಊದ್ಗಡ್ಡಿಗೆ ಒಂದು ಮಾಡಿಕೊಡಿ," ಎಂದಳು. "ಸೋರಿದ್ರೂ ನಡೆಯುತ್ತೆ."