ಒಳ್ಳೆಯ ದಿನ ನೋಡಿ

"ಧನುರ್ಮಾಸ ಮುಗೀಲಿ ಸಾರ್. ಶೂನ್ಯಮಾಸದಲ್ಲಿ ನಾನು ಒಂದು ಸೂಜೀನೂ ಕೊಳ್ಳಲ್ಲ," ಎಂದ ವರದರಾಜು, ಶಿವನಂಜಪ್ಪನವರ ಮನೆಗೆ ಹನ್ನೊಂದು ಸಾವಿರ ಮುಂಗಡ ಕೊಟ್ಟು, ಎಲೆ ಅಡಿಕೆ ಪಡೆದು ಹೋದ. ಉಳಿದ ಹಣ ನೋಂದಣಿಯ ದಿನ. ಮನೆಯ ಮೇಲಿನ ಬ್ಯಾಂಕ್ ಸಾಲವೂ ಅದರಲ್ಲೇ ತೀರಬೇಕೆಂದು ಮಾತಾಯಿತು.

ಆ ತಿಂಗಳಿಂದಲೇ ಶಿವನಂಜಪ್ಪ ಸಾಲದ ಕಂತು ನಿಲ್ಲಿಸಿದರು.

"ಬ್ಯಾಂಕಿನವರು ಸುಮ್ನಿರ್ತಾರಾ?" ಎಂದಳು ಹೆಂಡತಿ.

"ಮಾರಿದ ಮನೆಗೆ ಯಾರಾದ್ರೂ ಕಂತು ಕಟ್ತಾರೇನೇ?"

ಸಂಕ್ರಾಂತಿ ಕಳೆಯಿತು. ವರದರಾಜುವಿನ ದೊಡ್ಡಪ್ಪ ತೀರಿಕೊಂಡು ಸೂತಕ ಬಂತು. ಆಮೇಲೆ ಅಧಿಕಮಾಸ, ಅದರ ಬೆನ್ನಿಗೇ ಆಷಾಢ. ಪ್ರತಿ ಸಲವೂ ಅವನೇ ಪಂಚಾಂಗ ಹಿಡಿದು ಬಂದು, ಕಾಫಿ ಕುಡಿದು, ಕೈಮುಗಿದು ಹೋಗುತ್ತಿದ್ದ. ಬ್ಯಾಂಕಿನಿಂದ ಬಂದ ನೋಟಿಸುಗಳನ್ನು ಶಿವನಂಜಪ್ಪ ಅವನಿಗೂ ತೋರಿಸುತ್ತಿದ್ದರು. ಅವನು ಒಂದಕ್ಷರ ಬಿಡದೆ ಓದುತ್ತಿದ್ದ.

"ದೈವಭಕ್ತ ಕಣೇ. ಮನೆ ಕೊಟ್ರೆ ಇಂಥವರಿಗೇ ಕೊಡಬೇಕು."

ಶ್ರಾವಣ ಬರುವ ಹೊತ್ತಿಗೆ ಬ್ಯಾಂಕಿನವರು ಬಾಗಿಲಿಗೆ ಹರಾಜಿನ ನೋಟಿಸು ಅಂಟಿಸಿದ್ದರು. ವರದರಾಜು ಫೋನ್ ಎತ್ತಲಿಲ್ಲ.

ಹರಾಜಿನ ದಿನ ಬ್ಯಾಂಕಿನಲ್ಲಿ ನಲವತ್ತು ಕುರ್ಚಿ ಹಾಕಿದ್ದರು. ಕೊಳ್ಳಲು ಬಂದು ಕೂತಿದ್ದವನು ವರದರಾಜು ಒಬ್ಬನೇ. ಮಾತಾಗಿದ್ದ ಬೆಲೆಗಿಂತ ಹನ್ನೆರಡು ಲಕ್ಷ ಕಡಿಮೆಗೆ ಮನೆ ಅವನ ಪಾಲಾಯಿತು.

ಶಿವನಂಜಪ್ಪ ಅವನ ಕುರ್ಚಿಯ ಬಳಿಗೆ ಹೋದರು. "ಅಲ್ರೀ, ಇದು ಪಿತೃಪಕ್ಷ ಅಲ್ವೇನ್ರೀ?"

"ಹೌದು ಸಾರ್." ವರದರಾಜು ರಸೀದಿ ಮಡಚಿ ಜೇಬಿಗಿಟ್ಟುಕೊಂಡ. "ಅದಕ್ಕೇ ನೋಡಿ, ಬೇರೆ ಯಾರೂ ಬಂದಿಲ್ಲ."